ನೋಟಿಸಿನಿಂದ ಗ್ರೀನ್ ಕಾರ್ಡಿನವರೆಗೆ: ನಾವು ಕಾಗದ ಜೋಡಿಸಿದ ಕ್ರಮ

ನಾನು ಭಾರತದ ಪ್ರಜೆ, ಸಂಗಾತಿ ಅಮೆರಿಕದ ಪ್ರಜೆ. ಮದುವೆ ಕರ್ನಾಟಕದಲ್ಲಿ, ಮುಂದಿನ ಸಂಸಾರ ಅಲ್ಲಿ. ಏಜೆಂಟರನ್ನು ಹಿಡಿಯದೆ ನಾವೇ ಕಾಗದ ಹೊಂದಿಸಿಕೊಂಡ ಬಗೆ ಇದು.

ಮೊದಲು ಕಾಯ್ದೆಯ ವಿಚಾರ. ಹಿಂದೂ ವಿವಾಹ ಕಾಯ್ದೆ ಅನ್ವಯಿಸಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಇಲ್ಲವಾದರೆ ನಮ್ಮಂಥವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದರೆ ರಿಜಿಸ್ಟ್ರೇಷನ್ ಬೇಗ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ, ನಂಬಬೇಡಿ. ಆಗಲೇ ನಡೆದ ಮದುವೆಯನ್ನು ಈ ಕಾಯ್ದೆಯಡಿ ನೋಂದಾಯಿಸುವುದಕ್ಕೂ ಆಕ್ಷೇಪಣೆ ಕೇಳುವ 30 ದಿನದ ನೋಟಿಸ್ ತಪ್ಪುವುದಿಲ್ಲ.

ನೋಟಿಸ್ ಕೊಡುವ ದಿನಕ್ಕೆ ಹಿಂದಿನ 30 ದಿನ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು. ಇಬ್ಬರ ವಿಳಾಸದ ದಾಖಲೆಯೂ ಬೇಕು ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರಾದರೂ ಪಟ್ಟು ಹಿಡಿದರೆ ಕಾಯ್ದೆಯ 5ನೇ ಕಲಂ ತೋರಿಸಿ, ಮೆತ್ತಗೆ. ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ಅದು ರದ್ದು, ಮತ್ತೆ ಮೊದಲಿನಿಂದ. ಈ 3 ತಿಂಗಳು ಶುರುವಾಗುವುದು ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಎಂದುಕೊಂಡು ವಿಮಾನದ ಟಿಕೆಟ್ ಮಾಡಿಸುವವರೇ ಕೆಡುವುದು. ಕೈಗೆ ಸಿಗುವುದು ಸುಮಾರು 2 ತಿಂಗಳು ಮಾತ್ರ. ಮದುವೆಯ ದಿನ ಗುರುತಿನ ಚೀಟಿ ಸಮೇತ 3 ಸಾಕ್ಷಿಗಳಿರಬೇಕು.

ಸಂಗಾತಿ ವಿಮಾನ ಹತ್ತುವ ಮೊದಲೇ ಅಲ್ಲಿ ಮಾಡಿಸಿಕೊಳ್ಳಬೇಕಾದದ್ದು: ಜನನ ಪ್ರಮಾಣಪತ್ರ ಮತ್ತು, ಹಿಂದೆ ಮದುವೆಯಾಗಿದ್ದರೆ, ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ. ಇವೆರಡಕ್ಕೂ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶ ಒಪ್ಪುವ ದೃಢೀಕರಣ, ಹಾಕುವುದು ದಾಖಲೆ ಕೊಟ್ಟ ರಾಜ್ಯದ ಅಧಿಕಾರಿಗಳು, ವಾಷಿಂಗ್ಟನ್ ಅಲ್ಲ. ಇಲ್ಲಿಗೆ ಬಂದ ಮೇಲೆ ನೆನಪಾದರೆ ವಾರಗಟ್ಟಲೆ ಕಾಯಬೇಕು. ಅವಿವಾಹಿತ ಎಂಬ ಸರ್ಟಿಫಿಕೇಟನ್ನು ಅಮೆರಿಕ ಸರ್ಕಾರ ಕೊಡುವುದಿಲ್ಲ. ಅದರ ಬದಲು ಕಾನ್ಸುಲೇಟಿನಲ್ಲಿ ಪ್ರಮಾಣ ಮಾಡಿ ಅಫಿಡವಿಟ್‌ಗೆ ಸಹಿ ಹಾಕಬೇಕು, ಒಂದು ಮುದ್ರೆಗೆ 50 ಡಾಲರ್. ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲವಾದ್ದರಿಂದ ಬರುವ ದಿನಾಂಕ ಖಚಿತವಾದ ಕೂಡಲೇ ಹಿಡಿದಿಟ್ಟುಕೊಳ್ಳಿ.

ಇಷ್ಟೂ ಸಲೀಸು. ನಿಜವಾದ ತಲೆನೋವು ಹೆಸರು.

ನಮ್ಮ ಕಡೆಯ ಹೆಸರಿಗೆ ಇನಿಷಿಯಲ್ ಉಂಟು, ಸರ್‌ನೇಮ್ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು. ಕವಿತಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ 'ಟಿಎಚ್', ಇನ್ನೊಂದು ಕಡೆ ಬರೀ 'ಟಿ'. ಪಾಸ್‌ಪೋರ್ಟಿನ ಕಾಗುಣಿತವನ್ನೇ ಹಿಡಿದು ಮದುವೆ ಪ್ರಮಾಣಪತ್ರದಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಬರೆಸಿ. ಪ್ರಿಂಟ್ ಮಾಡುವ ಮೊದಲು ಪರದೆಯ ಮೇಲೆ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಸಹಿ ಬಿದ್ದ ಮೇಲೆ ತಿದ್ದುಪಡಿ ಎಂದರೆ ಬೇರೆಯೇ ಅಲೆದಾಟ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅವರ 04/07 ನಮ್ಮ ಗುಮಾಸ್ತರಿಗೆ ಜುಲೈ 4. ಆದ್ದರಿಂದ ಎಲ್ಲ ಅರ್ಜಿಯಲ್ಲೂ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಗಂಡನ ಹೆಸರು ಸೇರಿಸಿಕೊಳ್ಳುವ ಆಸೆಯಿದ್ದರೆ ವೀಸಾ ಮುಗಿಯುವ ತನಕ ತಡೆಯುವುದು ವಾಸಿ.

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕಾಲಂ ಖಾಲಿ ಇರುವುದು ನಮ್ಮಲ್ಲಿ ಮಾಮೂಲು. ಅಮೆರಿಕದ ವೀಸಾಕ್ಕೆ ಹೆಸರು, ಹುಟ್ಟಿದ ದಿನ, ಊರು, ತಂದೆ ತಾಯಿ ಇಬ್ಬರ ಹೆಸರು ಅದರಲ್ಲೇ ಇರಬೇಕು. ಖಾಲಿಯಿದ್ದರೆ ನೋಂದಣಿಯಾದ ಕಚೇರಿಯಲ್ಲೇ ಸೇರಿಸಿಸಿ. ನೋಂದಣಿಯೇ ಆಗಿಲ್ಲದಿದ್ದರೆ ಅಲಭ್ಯತಾ ಪ್ರಮಾಣಪತ್ರ ತಂದು, ತಂದೆ ತಾಯಿಯಿಂದ, ಅವರಿಲ್ಲದಿದ್ದರೆ ನಿಮಗಿಂತ ಹಿರಿಯ ಹತ್ತಿರದ ಸಂಬಂಧಿಕರಿಂದ ಅಫಿಡವಿಟ್ ಮಾಡಿಸಿ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು, ಅದರ ಕೆಳಗೆ ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣ ಮತ್ತು ಸರಿ ಎಂದು ಅನುವಾದಕರ ಸಹಿಯೂ ಬೇಕು.

ಮದುವೆ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅರ್ಜಿ ಹಾಕುವವರು ಅಮೆರಿಕದ ಪ್ರಜೆ: ಐ-130, ಕುಟುಂಬದವರನ್ನು ಕರೆಸಿಕೊಳ್ಳುವ ಕೋರಿಕೆಯ ನಮೂನೆ. ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಇದಕ್ಕೆ ಬೇಕಿಲ್ಲ, ಆ ಹೆಸರಿನಲ್ಲಿ ದುಡ್ಡು ಕೀಳುವವರಿಗೆ ಬೇಡ ಎನ್ನಿ. ಅರ್ಜಿ ಮಂಜೂರಾದ ಮೇಲೆ ಡಿಎಸ್-260 ಎಂಬ ವಲಸೆ ವೀಸಾದ ನಮೂನೆ, ಪೊಲೀಸ್ ಕ್ಲಿಯರೆನ್ಸ್, ಐ-864 ಎಂಬ ಆರ್ಥಿಕ ಜವಾಬ್ದಾರಿಯ ಒಪ್ಪಿಗೆ. ಸಂಗಾತಿಯ ಆದಾಯ ಅಲ್ಲಿನ ಬಡತನದ ಮಾನದಂಡದ 125 ಪ್ರತಿಶತ ಮುಟ್ಟಬೇಕು. ಭಾರತದಲ್ಲಿ ನೆಲೆಸಿರುವ ಅಮೆರಿಕನ್ನರು ಎಡವುವುದು ಮಾತ್ರ ಆದಾಯದಲ್ಲಲ್ಲ, ಅಮೆರಿಕಕ್ಕೆ ಮರಳಿ ನೆಲೆಸುತ್ತೇನೆ ಎಂಬುದಕ್ಕೆ ಪುರಾವೆ ಕೊಡುವಲ್ಲಿ. ಅಲ್ಲಿನ ಬ್ಯಾಂಕ್ ಖಾತೆ, ಮತದಾರರ ನೋಂದಣಿ, ಕೆಲಸದ ಪತ್ರ ಕೂಡಿಸಿಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡುವ ಉಪಾಯ ಸುಳ್ಳು ಹೇಳಿಕೆ ಎಂದಾದರೆ ಮುಂದಿನ ಬಾಗಿಲೂ ಮುಚ್ಚುತ್ತದೆ.

ಮೆಡಿಕಲ್ ಪರೀಕ್ಷೆಯನ್ನು ಸಂದರ್ಶನಕ್ಕೆ ತೀರಾ ಮುಂಚೆ ಮಾಡಿಸಬೇಡಿ. ವೀಸಾದ ಅವಧಿ ಅದಕ್ಕೇ ಕಟ್ಟುಬಿದ್ದಿದೆ, ಸಾಮಾನ್ಯವಾಗಿ ಹೆಚ್ಚೆಂದರೆ 6 ತಿಂಗಳು.

ಅಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಗ್ರೀನ್ ಕಾರ್ಡ್ ಎರಡೇ ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಆ ಎರಡು ವರ್ಷದ ಮಿತಿ ತೆಗೆಸುವ ಅರ್ಜಿ ಐ-751 ಹಾಕಬೇಕು. ಆಗ ಕೇಳುವುದು ಜಂಟಿ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ ಲೆಕ್ಕ. ಇಳಿದ ವಾರವೇ ಒಂದು ಫೈಲ್ ತೆರೆದಿಡಿ.