ಒಂದು ಪೆನ್ನಿಯ ಲಾವಣಿ ಹಾಳೆಯಲ್ಲಿ ಓದುಗರನ್ನು ಹುಡುಕುವುದು ಹೇಗೆ

17ನೇ ಶತಮಾನದ ಇಂಗ್ಲೆಂಡಿನ ಸಾಮಾನ್ಯ ಜನ ಏನು ಓದುತ್ತಿದ್ದರು ಎಂದು ತಿಳಿಯ ಹೊರಟವರು ಮೊದಲು ದೊಡ್ಡ ಕವಿಗಳ ಕಪಾಟಿಗೆ ಕೈಹಾಕುತ್ತಾರೆ. ಅಲ್ಲಿ ಬರೆದವರ ಸುದ್ದಿ ಬೇಕಾದಷ್ಟಿದೆ, ಓದಿದವರ ಸುದ್ದಿ ಕಡಿಮೆ. ಓದಿದವರು ಬೇಕಿದ್ದರೆ ಬ್ರಾಡ್‌ಸೈಡ್ ಲಾವಣಿಯಿಂದ ಶುರುಮಾಡಿ. ಕಾಗದದ ಒಂದೇ ಮಗ್ಗುಲಿಗೆ ಅಚ್ಚುಹಾಕಿ, ಸಂತೆಯಲ್ಲಿ ಹಾಡಿ ಮಾರುತ್ತಿದ್ದ, ಕೊಂಡವರು ಎಷ್ಟೋ ಸಲ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದ ಹಾಡಿನ ಹಾಳೆ ಅದು.

ಹಾಳೆಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಇಂಗ್ಲಿಷ್ ಬ್ರಾಡ್‌ಸೈಡ್ ಬ್ಯಾಲಡ್ ಆರ್ಕೈವ್’ ಮತ್ತು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಲಾವಣಿ ಸಂಗ್ರಹ, ಎರಡೂ ಉಚಿತ. ಒಂದೇ ಹಾಳೆ ಹಿಡಿದು ಕೂರಬೇಡಿ. ಒಂದೇ ವಿಷಯದ ಹತ್ತು ಹನ್ನೆರಡು ಹಾಳೆ ಆರಿಸಿಕೊಳ್ಳಿ: ಗಲ್ಲಿಗೇರಿದವರ ಹಾಡುಗಳೋ, ಗಂಡ ಹೆಂಡಿರ ಜಗಳದ ಹಾಡುಗಳೋ. ಯಾವುದು ಎಲ್ಲ ಹಾಳೆಯಲ್ಲೂ ಬರುವ ರೂಢಿ, ಯಾವುದು ಈ ಹಾಳೆಗೆ ಮಾತ್ರ ಸೇರಿದ್ದು ಎನ್ನುವುದು ಆಗಷ್ಟೇ ಕಾಣುತ್ತದೆ. ಜೊತೆಗೆ ಕೊಟ್ಟಿರುವ ಟೈಪ್ ಮಾಡಿದ ಪಠ್ಯಕ್ಕೆ ಹೋಗುವ ಮೊದಲು ಮೂಲ ಹಾಳೆಯ ಚಿತ್ರ ನೋಡಿ. ನಮಗೆ ಬೇಕಾದ ಸಾಕ್ಷ್ಯದಲ್ಲಿ ಅರ್ಧದಷ್ಟು ಪದ್ಯದ ಹೊರಗಿದೆ.

ಮೊದಲು ಅಕ್ಷರ

ಹೆಚ್ಚಿನ ಹಾಳೆಗಳು ಬ್ಲ್ಯಾಕ್ ಲೆಟರ್ ಎಂಬ ದಪ್ಪ, ಚೂಪು ಮೂಲೆಯ ಅಚ್ಚುಮೊಳೆಯಲ್ಲಿವೆ. ಓದಲು ಮೂರು ತೊಡಕು. ಪದದ ಮೊದಲಲ್ಲೂ ನಡುವೆಯೂ ಬರುವ ಉದ್ದನೆಯ ‘ಎಸ್’ ನೋಡಲು ‘ಎಫ್’ ಥರ ಇರುತ್ತದೆ. ಅಡ್ಡಗೆರೆ ಕಂಬವನ್ನು ದಾಟಿ ಬಲಕ್ಕೆ ಹೋಗಿದ್ದರೆ ಮಾತ್ರ ಅದು ‘ಎಫ್’. ಪದದ ಕೊನೆಯಲ್ಲಿ ಉದ್ದನೆಯ ಎಸ್ ಬರುವುದಿಲ್ಲ. 1630ರ ಆಸುಪಾಸಿನವರೆಗಿನ ಅಚ್ಚಿನಲ್ಲಿ ‘ಯು’ ಮತ್ತು ‘ವಿ’ ಧ್ವನಿ ನೋಡಿ ಬರುವುದಿಲ್ಲ, ಸ್ಥಾನ ನೋಡಿ ಬರುತ್ತವೆ: ಪದದ ಮೊದಲಲ್ಲಿ ‘ವಿ’, ನಡುವೆ ‘ಯು’. ಇನ್ನು ‘ವೈ’ ಅಕ್ಷರದ ನೆತ್ತಿಯ ಮೇಲೆ ಪುಟ್ಟ ‘ಇ’ ಕೂತಿದ್ದರೆ ಅದನ್ನು ‘ದ’ ಎಂದು ಓದಬೇಕು.

ಬ್ಲ್ಯಾಕ್ ಲೆಟರ್ ಕಂಡ ಕೂಡಲೇ ‘ಹಳೆಯ ಕಾಲದ ಅಲಂಕಾರ’ ಎಂದು ಬರೆದುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಹಾರ್ನ್‌ಬುಕ್‌ನಲ್ಲಿ, ಅಂದರೆ ಹಿಡಿಯಿದ್ದ ಹಲಗೆಯ ಮೇಲೆ ಅಕ್ಷರಮಾಲೆ, ಪ್ರಾರ್ಥನೆ ಅಂಟಿಸಿ, ತೆಳ್ಳನೆ ಕೊಂಬಿನ ಹಾಳೆ ಹೊದಿಸಿದ ಸಾಧನದಲ್ಲಿ. ಅದರ ಮುಂದಿನದು ಪ್ರೈಮರ್ ಎಂಬ ಮೊದಲ ಓದಿನ ಪುಸ್ತಕ. ಇವೆರಡೂ ಬಹುಕಾಲ ಬ್ಲ್ಯಾಕ್ ಲೆಟರಿನಲ್ಲೇ ಇದ್ದವು. ಎರಡು ವರ್ಷ ಕಲಿತು ಬಿಟ್ಟವನ ಕಣ್ಣಿಗೆ ಪಳಗಿದ್ದು ಅದೇ ಅಕ್ಷರ; ರೋಮನ್ ಅಕ್ಷರವೇ ಅವನಿಗೆ ಕಷ್ಟ. ಲಾವಣಿಯ ಮುದ್ರಕರು ಅದನ್ನು ಶತಮಾನದ ಕೊನೆಯವರೆಗೂ ಬಿಡದಿದ್ದುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಪ್ರತಿ ಹಾಳೆಯ ಅಕ್ಷರ ಯಾವುದೆಂದು ಟಿಪ್ಪಣಿಯಲ್ಲಿ ಬರೆದಿಡಿ.

ಕಾಲ ನಿರ್ಣಯ

ಲಾವಣಿಯ ಮೇಲೆ ಇಸವಿ ಇರುವುದು ಅಪರೂಪ. ಹಾಳೆಯ ಬುಡದ ಪ್ರಕಾಶಕರ ಸಾಲು ನೋಡಿ. ಎಫ್. ಕೋಲ್ಸ್, ಟಿ. ವಿಯರ್, ಜೆ. ರೈಟ್ ಮೂವರ ಹೆಸರೂ ಒಟ್ಟಿಗಿದ್ದರೆ 1663ರಿಂದ 1674ರ ನಡುವಿನದು ಎಂದು ಸಂಗ್ರಹಗಳವರು ಇಟ್ಟುಕೊಳ್ಳುತ್ತಾರೆ. ಜೆ. ಕ್ಲಾರ್ಕ್ ಸೇರಿ ನಾಲ್ವರಾದರೆ ಅದರ ನಂತರದ ಕೆಲವು ವರ್ಷ. ಇದು ಹಾಳೆಯ ಕಾಲ, ಹಾಡಿನ ಕಾಲವಲ್ಲ. ಹಾಡಿನ ವಯಸ್ಸಿಗೆ ಲಂಡನ್ನಿನ ಮುದ್ರಕರ, ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯ ದಾಖಲೆ ಪುಸ್ತಕ ನೋಡಬೇಕು. ಅದರಲ್ಲಿ 1557ರಿಂದ 1709ರವರೆಗೆ ಸುಮಾರು 3,000 ಲಾವಣಿಗಳ ನಮೂದು ಇದೆ. ಅಲ್ಲೂ ಎಚ್ಚರ ಬೇಕು: 1624ರಲ್ಲಿ ಕೆಲವು ಪ್ರಕಾಶಕರು ಕೂಡಿಕೊಂಡು ನೂರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಒಂದೇ ಸಲಕ್ಕೆ ಬರೆಸಿದರು, ಅದರಲ್ಲಿ ಹಳೆಯ ಹಾಡುಗಳೇ ತುಂಬಿದ್ದವು. ಆ ವರ್ಷದ ನಮೂದು ಸಿಕ್ಕಿತೆಂದು ಹಾಡು ಆ ವರ್ಷದ್ದೆಂದು ತಿಳಿಯಬೇಡಿ.

ತಾರೀಖು ಸಿಕ್ಕರೆ ವರ್ಷದ ಲೆಕ್ಕ ಸರಿಮಾಡಿಕೊಳ್ಳಿ. ಇಂಗ್ಲೆಂಡಿನಲ್ಲಿ 1752ರ ಸುಧಾರಣೆಯವರೆಗೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಮೊದಲನೇ ಚಾರ್ಲ್ಸ್ ದೊರೆಯ ತಲೆ ಹೊಡೆದದ್ದು ನಮ್ಮ ಲೆಕ್ಕದಲ್ಲಿ 1649ರ ಜನವರಿ 30. ಅಂದಿನ ಕಡತಗಳಲ್ಲಿ ಅದು 1648. ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ತಾರೀಖು ಕಂಡರೂ ಎರಡು ಇಸವಿಗಳನ್ನೂ ಬರೆದುಕೊಳ್ಳಿ.

ಧಾಟಿ

ಶೀರ್ಷಿಕೆಯ ಕೆಳಗೆ ಇಂಥ ಧಾಟಿಯಲ್ಲಿ ಹಾಡಬೇಕು ಎಂಬ ಸಾಲಿರುತ್ತದೆ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಮಟ್ಟು ಸೂಚಿಸುತ್ತಿದ್ದ ಹಾಗೆಯೇ. ಸ್ವರಲಿಪಿ ಬೇಕಿರಲಿಲ್ಲ, ಧಾಟಿ ಜನರ ಬಾಯಲ್ಲಿತ್ತು. ಈ ಸಾಲನ್ನು ಹಾರಿಸಿದರೆ ಓದು ಕುಂಟುತ್ತದೆ, ಯಾಕೆಂದರೆ ಧಾಟಿ ತನ್ನ ಹಳೆಯ ನೆನಪನ್ನು ಹೊತ್ತೇ ಬರುತ್ತದೆ. ‘ಫಾರ್ಚೂನ್ ಮೈ ಫೋ’ ಎಂಬ ನಿಧಾನದ ಧಾಟಿ ಗಲ್ಲಿಗೇರಿದವರ ಹಾಡುಗಳಿಗೆ ಎಷ್ಟು ಅಂಟಿಕೊಂಡಿತೆಂದರೆ ಅದಕ್ಕೆ ಗಲ್ಲಿನ ಧಾಟಿ ಎಂದೇ ಹೆಸರು ಬಿತ್ತು. ಅದೇ ಧಾಟಿಯಲ್ಲಿ ತಮಾಷೆಯ ಹಾಡು ಬಂದರೆ ಕೇಳುಗ ನಗುವ ಕಾರಣ ಪದದಲ್ಲಿಲ್ಲ, ರಾಗದಲ್ಲಿದೆ. ಎರಡು ಚರಣವನ್ನಾದರೂ ಬಾಯಿಬಿಟ್ಟು ಹಾಡಿ ನೋಡಿ. ಸಾಂಟಾ ಬಾರ್ಬರಾ ತಾಣದಲ್ಲಿ ಎಷ್ಟೋ ಹಾಡುಗಳ ಧ್ವನಿಮುದ್ರಣವೂ ಇದೆ.

ಓದುಬಾರದವರು ಈ ಲೆಕ್ಕದೊಳಗೆ ಬರುವುದು ಇಲ್ಲೇ. ನಿಕೊಲಸ್ ಬೌಂಡ್ ಎಂಬ ಪಾದ್ರಿ 1595ರಲ್ಲಿ ಸಿಡಿಮಿಡಿಗೊಂಡು ಬರೆದ ಮಾತಿದೆ: ಬಡ ಒಕ್ಕಲಿಗರು ತಮಗೂ ಮನೆಯವರಿಗೂ ಓದು ಬಾರದಿದ್ದರೂ ಗುಡಿಸಲಿನಲ್ಲಿ ಲಾವಣಿಗಳನ್ನು ಅಂಟಿಸಿಕೊಳ್ಳುತ್ತಾರೆ, ಸಮಯ ಬಂದಾಗ ಕಲಿಯೋಣ ಎಂದು. ಪಾದ್ರಿಗೆ ಅದು ದೂರು, ನಮಗೆ ಚಿನ್ನದಂಥ ಸಾಕ್ಷ್ಯ. ಓದಬಲ್ಲವನೊಬ್ಬ ಮನೆಗೆ ಬಂದರೆ ಸಾಕು, ಗೋಡೆಯ ಹಾಳೆ ಇಡೀ ಮನೆಯ ಹಾಡಾಗುತ್ತಿತ್ತು.

ಹಾಳೆಯ ಮೇಲಿನ ಮರದಚ್ಚಿನ ಚಿತ್ರಗಳಿಗೆ ಹೆಚ್ಚು ಹೊತ್ತು ಕೊಡಬೇಡಿ. ಒಂದೇ ಅಚ್ಚನ್ನು ಹತ್ತಾರು ಹಾಡುಗಳಿಗೆ, ದಶಕಗಟ್ಟಲೆ, ಸವೆಯುವವರೆಗೆ ಬಳಸುತ್ತಿದ್ದರು. ಚಿತ್ರದ ಉಡುಪು ನೋಡಿ ಹಾಡಿನ ಕಾಲ ಹೇಳಿದರೆ ಐವತ್ತು ವರ್ಷ ತಪ್ಪಬಹುದು.

ಬೆಲೆ ಮತ್ತು ಕೂಲಿ

ಹಾಳೆಯ ಬೆಲೆ ಅರ್ಧ ಪೆನ್ನಿಯಿಂದ ಒಂದು ಪೆನ್ನಿ. ಅಂದಿನ ಹಣದಲ್ಲಿ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಇದನ್ನು ಇಂದಿನ ರೂಪಾಯಿಗೆ ತಿರುಗಿಸುವ ಗೋಜಿಗೆ ಹೋಗಬೇಡಿ, ಯಾವ ಅಂಕಿ ಬಂದರೂ ಸುಳ್ಳೇ. ಕೂಲಿಯ ಜೊತೆ ಹೋಲಿಸಿ. ದಕ್ಷಿಣ ಇಂಗ್ಲೆಂಡಿನ ಕಟ್ಟಡ ಕೂಲಿಯಾಳಿಗೆ 1600ರ ಸುಮಾರಿಗೆ ದಿನಕ್ಕೆ 8 ಪೆನ್ನಿ, 1660ರ ದಶಕದಲ್ಲಿ 12 ಪೆನ್ನಿ. ಅಂದರೆ ಒಂದು ಪೆನ್ನಿಯ ಹಾಳೆಗೆ ದಿನದ ಕೂಲಿಯ ಎಂಟನೇ ಒಂದು ಭಾಗದಿಂದ ಹನ್ನೆರಡನೇ ಒಂದು ಭಾಗ. ವರ್ಷವಿಡೀ ಕೆಲಸ ಸಿಗುತ್ತಿರಲಿಲ್ಲ, ಸಿಕ್ಕಿದ್ದರಲ್ಲಿ ಬಹುಪಾಲು ಹೊಟ್ಟೆಗೆ ಹೋಗುತ್ತಿತ್ತು ಎಂಬುದನ್ನೂ ಸೇರಿಸಿಕೊಳ್ಳಿ. ಜಾತ್ರೆಯ ದಿನ ಕೊಳ್ಳಬಹುದಾದ ವಸ್ತು, ವಾರವಾರ ಕೊಳ್ಳುವಂಥದ್ದಲ್ಲ. ಕೊಳ್ಳುವ ಹಸಿವಂತೂ ಇತ್ತು: 1660ರ ದಶಕದಲ್ಲಿ ಪಂಚಾಂಗದಂಥ ಆಲ್ಮನ್ಯಾಕ್‌ಗಳು ವರ್ಷಕ್ಕೆ ಸುಮಾರು 4 ಲಕ್ಷ ಪ್ರತಿ ಖರ್ಚಾಗುತ್ತಿದ್ದವು.

ಸಹಿಯ ಲೆಕ್ಕದ ಬಲೆ

ಸಾಕ್ಷರತೆಯ ಅಂಕಿಗಳನ್ನು ಇಟ್ಟುಕೊಳ್ಳದೆ ಹಾಳೆ ಓದಿದರೆ ಅಳತೆ ಸಿಗುವುದಿಲ್ಲ. ಆದರೆ ಹೆಚ್ಚು ಜನ ಎಡವುವುದೂ ಇಲ್ಲೇ. 1641–42ರಲ್ಲಿ ಪಾರ್ಲಿಮೆಂಟಿನ ಪ್ರತಿಜ್ಞಾ ಪತ್ರಕ್ಕೆ ಊರೂರಿನ ಗಂಡಸರಿಂದ ಸಹಿ ಹಾಕಿಸಿದರು. ಉಳಿದಿರುವ ಪಟ್ಟಿಗಳಲ್ಲಿ ಸುಮಾರು 70% ಜನ ಹೆಸರು ಬರೆಯಲಾರದೆ ಗುರುತು ಹಾಕಿದ್ದಾರೆ. 1754ರಿಂದ ಮದುವೆಯ ನೋಂದಣಿಗೆ ವಧೂವರರ ಸಹಿ ಕಡ್ಡಾಯವಾಯಿತು. ಆ ಹೊತ್ತಿಗೆ ಸುಮಾರು 60% ಗಂಡಸರು ಸಹಿ ಹಾಕಬಲ್ಲವರಾಗಿದ್ದರು, ಹೆಂಗಸರು 40%ರ ಆಸುಪಾಸು.

ಇವು ಬರೆಯುವವರ ಲೆಕ್ಕ, ಓದುವವರ ಲೆಕ್ಕವಲ್ಲ. ಅಂದಿನ ಶಾಲೆಯಲ್ಲಿ ಓದು ಮೊದಲು, ಬರಹ ಆಮೇಲೆ. ಮಗು ಆರು ವರ್ಷದ ಹೊತ್ತಿಗೆ ಓದಲು ಕಲಿಯುತ್ತಿತ್ತು, ಎಂಟರ ಸುಮಾರಿಗೆ ಲೇಖನಿ ಹಿಡಿಯುತ್ತಿತ್ತು. ಬಡವರ ಮಕ್ಕಳನ್ನು ಏಳರ ಸುಮಾರಿಗೇ ದುಡಿಮೆಗೆ ಎಳೆದುಕೊಳ್ಳುತ್ತಿದ್ದರು, ಅಷ್ಟರಲ್ಲಿ ಓದು ಬಂದಿರುತ್ತಿತ್ತು, ಬರಹ ಬಂದಿರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಹೆಣಿಗೆ ಕಲಿಸಿ ಬರಹವನ್ನು ಬಿಟ್ಟುಬಿಡುವುದು ಸಾಮಾನ್ಯ. ಹಾಗಾಗಿ ಸಹಿಯ ಅಂಕಿಯನ್ನು ಕನಿಷ್ಠ ಗಡಿ ಎಂದಷ್ಟೇ ಹಿಡಿಯಿರಿ, ಹೆಂಗಸರ ವಿಷಯದಲ್ಲಿ ಇನ್ನೂ ಹೆಚ್ಚು ಅನುಮಾನದಿಂದ. ಉಯಿಲುಗಳ ಸಹಿಯನ್ನಂತೂ ಒಬ್ಬಂಟಿಯಾಗಿ ನಂಬಬೇಡಿ: ಸಾವಿನ ಹಾಸಿಗೆಯಲ್ಲಿ ಕೈ ನಡುಗಿ ಗುರುತು ಹಾಕಿದವನು ಹತ್ತು ವರ್ಷದ ಹಿಂದಿನ ಪತ್ರದಲ್ಲಿ ಚೆಂದದ ಸಹಿ ಹಾಕಿರಬಹುದು.

ಸತ್ತವರ ಆಸ್ತಿಪಟ್ಟಿಯಲ್ಲಿ ಲಾವಣಿ ಹುಡುಕುವುದೂ ವ್ಯರ್ಥ. ಬೆಲೆ ಕಟ್ಟುವವರು ಬೈಬಲನ್ನು ಬರೆದುಕೊಳ್ಳುತ್ತಿದ್ದರು, ಪೆನ್ನಿಯ ಕಾಗದವನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಪಟ್ಟಿಯಲ್ಲಿ ಪುಸ್ತಕವಿಲ್ಲ ಎಂದರೆ ಮನೆಯಲ್ಲಿ ಓದು ಇರಲಿಲ್ಲ ಎಂದಾಗುವುದಿಲ್ಲ.

ಉಳಿದದ್ದು ಯಾರ ಕೈಯಿಂದ

ಕೊನೆಗೆ ನಿಮ್ಮ ಹಾಳೆ ಹೇಗೆ ಉಳಿಯಿತು ಎಂದು ಕೇಳಿ. ಬಹುಪಾಲು ಹಾಳೆಗಳು ಪೊಟ್ಟಣ ಕಟ್ಟಲು, ಡಬ್ಬಿಯ ಒಳಗೆ ಹಾಸಲು, ಶೌಚಕ್ಕೆ ಹೋದವು. ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್‌ನ ಐದು ಸಂಪುಟಗಳಲ್ಲಿ 1,800ಕ್ಕೂ ಹೆಚ್ಚು ಲಾವಣಿಗಳಿವೆ, ಈಗ ಅವು ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿವೆ. ಸಂಗ್ರಹ ಶುರುವಾದದ್ದು ಜಾನ್ ಸೆಲ್ಡನ್ ಎಂಬ ವಿದ್ವಾಂಸನಿಂದ. ಪೀಪ್ಸ್ ಅದನ್ನು 1700ರವರೆಗೆ ಬೆಳೆಸಿದ. ಇಬ್ಬರೂ ಲಂಡನ್ನಿನ ಉಳ್ಳವರು. ಅವರ ಆಲ್ಬಮ್ಮಿನಲ್ಲಿ ಯಾವುದು ಹೆಚ್ಚಿದೆಯೋ ಅದೇ ಹಳ್ಳಿಯಲ್ಲೂ ಹೆಚ್ಚು ಓಡಿತು ಎನ್ನಲಾಗದು. ಪೀಪ್ಸ್ ಹಾಳೆಗಳನ್ನು ಕತ್ತರಿಸಿ ಅಂಟಿಸಿದ್ದರಿಂದ ಅಂಚುಗಳು ಹೋಗಿವೆ, ಆ ಪ್ರತಿಗಳಿಂದ ಕಾಗದದ ಅಳತೆ ತೆಗೆಯಬೇಡಿ.

ಬರೆಯುವಾಗ ‘ಇದನ್ನು ರೈತರು ಓದುತ್ತಿದ್ದರು’ ಎನ್ನುವ ಬದಲು ಹಾಳೆ ಹೇಳುವಷ್ಟನ್ನೇ ಹೇಳಿ: ಬ್ಲ್ಯಾಕ್ ಲೆಟರಿನಲ್ಲಿದೆ, ಪರಿಚಿತ ಧಾಟಿಯಲ್ಲಿದೆ, ಬೆಲೆ ಒಂದು ಪೆನ್ನಿ, ಆದ್ದರಿಂದ ಕೊಂಚ ಓದು ಬಲ್ಲ ಕೂಲಿಯವನ ಕೈಗೂ ಕಿವಿಗೂ ಎಟುಕುವಂತಿತ್ತು. ಶೀರ್ಷಿಕೆಯ ಜೊತೆ ಸಂಗ್ರಹದ ಹೆಸರು, ಸಂಪುಟ, ಪುಟಸಂಖ್ಯೆ ಕೊಡುವುದನ್ನು ಮರೆಯಬೇಡಿ. ಒಂದೇ ಶೀರ್ಷಿಕೆಯ ಪೀಪ್ಸ್ ಪ್ರತಿಗೂ ಬ್ರಿಟಿಷ್ ಲೈಬ್ರರಿಯ ರಾಕ್ಸ್‌ಬರ್ಗ್ ಸಂಗ್ರಹದ ಪ್ರತಿಗೂ ಪ್ರಕಾಶಕರು, ಚಿತ್ರ, ಕೆಲವೊಮ್ಮೆ ಚರಣಗಳೇ ಬೇರೆ ಇರಬಹುದು.