ಸರ್ವರ್‌ಗೆ ಕಾರ್ಡ್ ಹಾಕುವ ಮುಂಚೆ ಸ್ಲಾಟ್ ಸರಿಯಾಗಿ ನೋಡಿ

ಸರ್ವರ್‌ಗೆ ನೆಟ್‌ವರ್ಕ್ ಕಾರ್ಡೋ ರೇಡ್ ಕಾರ್ಡೋ (ಹಲವು ಡಿಸ್ಕುಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಕೂರಿಸೋದು ಹತ್ತು ನಿಮಿಷದ ಕೆಲಸ. ಯಾವ ಸ್ಲಾಟಿಗೆ ಅನ್ನೋದನ್ನು ತೀರ್ಮಾನಿಸೋಕೆ ಮಾತ್ರ ಅದಕ್ಕಿಂತ ಜಾಸ್ತಿ ಹೊತ್ತು ಕೊಡಿ. ನನ್ನ ಜೊತೆ ಹೊಸದಾಗಿ ಸೇರುವವರಿಗೆ ಸ್ಕ್ರೂಡ್ರೈವರ್ ಕೊಡುವ ಮುಂಚೆ ಆ ಸರ್ವರ್‌ನ ಮ್ಯಾನುಯಲ್ ಓದಿಸುತ್ತೇನೆ. ಸ್ಲಾಟುಗಳ ಪಟ್ಟಿ ಇರೋದು ಅದರಲ್ಲೇ.

ಸ್ಲಾಟಿನ ಉದ್ದ ನಂಬಬೇಡಿ. ನೋಡೋಕೆ ಎಕ್ಸ್16, ಅಂದರೆ ಹದಿನಾರು ಲೇನಿನ (ಡೇಟಾ ಓಡಾಡುವ ದಾರಿಯ) ಸ್ಲಾಟ್ ಇರುತ್ತದೆ, ಒಳಗೆ ಎಂಟೇ ಲೇನ್ ಕೊಟ್ಟಿರುತ್ತಾರೆ. ಈ ಸ್ಲಾಟುಗಳ ಮಾನದಂಡದ ಹೆಸರು ಪಿಸಿಐಇ. ಅದರ 3.0 ಆವೃತ್ತಿಯಲ್ಲಿ ಒಂದು ಲೇನಿಗೆ ಸೆಕೆಂಡಿಗೆ ಸುಮಾರು 1 ಗಿಗಾಬೈಟ್, 4.0ರಲ್ಲಿ ಸುಮಾರು 2. ಎರಡು ಪೋರ್ಟಿನ 25 ಗಿಗಾಬಿಟ್ ಕಾರ್ಡು ಪೂರ್ತಿ ಓಡಿದರೆ ಸೆಕೆಂಡಿಗೆ 6 ಗಿಗಾಬೈಟ್‌ಗೂ ಮೇಲೆ ಬೇಕು (ಎಂಟು ಬಿಟ್ ಸೇರಿದರೆ ಒಂದು ಬೈಟ್). ಅದನ್ನು 3.0ರ ನಾಲ್ಕು ಲೇನಿನ ಸ್ಲಾಟಿಗೆ ಹಾಕಿದರೂ ಲೈಟ್ ಹತ್ತುತ್ತದೆ, ಡ್ರೈವರ್ ಲೋಡ್ ಆಗುತ್ತದೆ, ವೇಗ ಮಾತ್ರ ಬರೋದಿಲ್ಲ. ಆಮೇಲೆ ಸುಮ್ನೆ ಕೇಬಲ್, ಸ್ವಿಚ್ ಬದಲಾಯಿಸುತ್ತಾ ಕೂರಬೇಕಾಗುತ್ತದೆ.

ಎರಡು ಸಿಪಿಯು ಸಾಕೆಟ್ ಇರುವ ಸರ್ವರ್‌ನಲ್ಲಿ ಇನ್ನೊಂದು ವಿಷಯ ಇದೆ. ಕೆಲವು ಸ್ಲಾಟುಗಳು ಎರಡನೇ ಸಿಪಿಯುಗೆ ಸೇರಿರುತ್ತವೆ. ಆ ಸಾಕೆಟ್ ಖಾಲಿ ಇದ್ದರೆ ಆ ಸ್ಲಾಟುಗಳೂ ಸತ್ತಂತೆ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನು ನೋಡಿ. ನಾಲ್ಕು ಎಂ.2 ಡ್ರೈವ್ (ಪಟ್ಟಿಯಂಥ ಪುಟ್ಟ ಎಸ್‌ಎಸ್‌ಡಿ) ಹಿಡಿಯುವ ಸಾದಾ ಅಡಾಪ್ಟರ್ ಆದರೆ ಬಯಾಸ್‌ನಲ್ಲಿ ಬೈಫರ್ಕೇಶನ್ (ಲೇನುಗಳನ್ನು ಹಂಚುವ ಸೆಟ್ಟಿಂಗ್) ಆನ್ ಮಾಡಿ ಸ್ಲಾಟನ್ನು ನಾಲ್ಕು ನಾಲ್ಕು ಲೇನಾಗಿ ಒಡೆಯಬೇಕು, ಇಲ್ಲದಿದ್ದರೆ ಒಂದೇ ಡ್ರೈವ್ ಕಾಣುತ್ತದೆ.

ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಹಾಕುವವರು ಜೋಪಾನ. ಸ್ಲಾಟಿನಿಂದ ಸಿಗೋದು ಹೆಚ್ಚೆಂದರೆ 75 ವ್ಯಾಟ್, ಉಳಿದದ್ದಕ್ಕೆ ಬೇರೆ ಕೇಬಲ್ ಬೇಕು. ಎಂಟು ಪಿನ್ನಿನ ಸಿಪಿಯು ಕೇಬಲ್ಲೂ ಎಂಟು ಪಿನ್ನಿನ ಪಿಸಿಐಇ ಕೇಬಲ್ಲೂ ನೋಡೋಕೆ ಹತ್ತಿರ ಹತ್ತಿರ ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಉಲ್ಟಾ. ಆ ಮಾಡೆಲ್‌ಗೆ ಹೇಳಿರುವ ಕೇಬಲ್ಲನ್ನೇ ಬಳಸಿ.

ಈಗ ಕೈಗೆಲಸ. ಸರ್ವರ್ ಆಫ್ ಮಾಡಿ, ಎರಡೂ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಆರಿದ ಮೇಲೇ ಒಳಗೆ ಕೈ ಹಾಕಿ. ಮಣಿಕಟ್ಟಿಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಇರಲಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ರೈಸರ್ (ಕಾರ್ಡನ್ನು ಅಡ್ಡಡ್ಡ ಕೂರಿಸೋಕೆ ಇರುವ ನಡುವಿನ ಬೋರ್ಡ್) ಇದ್ದರೆ ಅದನ್ನು ಹೊರಗೆ ತೆಗೆದು, ಮೇಜಿನ ಮೇಲೆ ಕಾರ್ಡ್ ಕೂರಿಸಿ, ಆಮೇಲೆ ರೈಸರನ್ನು ನೇರವಾಗಿ ಇಳಿಸಿ.

ಕೂರಿಸುವಾಗ ಕಾರ್ಡಿನ ಎರಡೂ ತುದಿಗೆ ಸಮನಾಗಿ ಹೆಬ್ಬೆರಳಿಂದ ಒತ್ತಿ. ಆಮೇಲೆ ಬಗ್ಗಿ ಪಕ್ಕದಿಂದ ನೋಡಿ. ಒಂದು ತುದಿಯಲ್ಲಿ ಚಿನ್ನದ ಗೆರೆ ಓರೆಯಾಗಿ ಇಣುಕುತ್ತಿದ್ದರೆ ಕಾರ್ಡ್ ಪೂರ್ತಿ ಕೂತಿಲ್ಲ. ಸ್ಕ್ರೂ ಬಿಗಿ ಮಾಡುವಾಗ ಕಾರ್ಡ್ ಒಂದು ಕೂದಲೆಳೆಯಷ್ಟು ಎದ್ದರೂ ಬಿಚ್ಚಿ, ಬ್ರಾಕೆಟ್ ಸರಿಪಡಿಸಿ, ಮತ್ತೆ ಕೂರಿಸಿ. ಅಷ್ಟು ಎದ್ದರೂ ಕೆಲವು ಲೇನುಗಳ ಸಂಪರ್ಕ ತಪ್ಪಬಹುದು. ಖಾಲಿ ಸ್ಲಾಟುಗಳ ತಗಡನ್ನೂ ಗಾಳಿ ತಿರುಗಿಸುವ ಪ್ಲಾಸ್ಟಿಕ್ ಹೊದಿಕೆಯನ್ನೂ ವಾಪಸ್ ಹಾಕಿ. ಎಷ್ಟೋ ಸರ್ವರ್ ಕಾರ್ಡುಗಳಿಗೆ ಸ್ವಂತ ಫ್ಯಾನ್ ಇರೋದಿಲ್ಲ, ಹಾದುಹೋಗುವ ಗಾಳಿಯೇ ಆಧಾರ ಅಲ್ವಾ?

ಆನ್ ಮಾಡಿದ ಮೇಲೆ, ಲಿನಕ್ಸ್ ಆದರೆ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಪೂರ್ತಿ ವಿವರದೊಂದಿಗೆ (lspci -vv) ಓಡಿಸಿ. ಕಾರ್ಡಿನ ಸಾಮರ್ಥ್ಯ ಹೇಳುವ ಲಿಂಕ್ ಕೆಪ್ಯಾಬಿಲಿಟಿ (LnkCap) ಸಾಲಲ್ಲಿ ಎಕ್ಸ್8 ಇದ್ದು, ಈಗ ಸಿಕ್ಕಿರುವುದನ್ನು ಹೇಳುವ ಲಿಂಕ್ ಸ್ಟೇಟಸ್ (LnkSta) ಸಾಲಲ್ಲಿ ಎಕ್ಸ್4 ಅಂತ ಬಂದರೆ ಸ್ಲಾಟಿಗೆ ಎಷ್ಟು ಲೇನ್ ಇದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಎಂಟು ಇದ್ದರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ.

ಹೊಸ ಕಾರ್ಡ್ ಬಂದಾಗ ಬಸ್ ನಂಬರ್ (ಕಾರ್ಡುಗಳಿಗೆ ಸಿಸ್ಟಮ್ ಕೊಡುವ ಸ್ಥಾನದ ಸಂಖ್ಯೆ) ಬದಲಾಗಿ ಹಳೆಯ ನೆಟ್‌ವರ್ಕ್ ಪೋರ್ಟಿನ ಹೆಸರೇ ಬೇರೆಯಾಗಬಹುದು. ಆಗ ಸರ್ವರ್ ಬೂಟ್ ಆಗಿರುತ್ತದೆ, ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್) ಮಾತ್ರ ಸಿಗೋದಿಲ್ಲ. ಅದಕ್ಕೇ ಮ್ಯಾನೇಜ್‌ಮೆಂಟ್ ಪೋರ್ಟಿನ (ಸರ್ವರನ್ನು ದೂರದಿಂದ ನಿಯಂತ್ರಿಸೋಕೆ ಇರುವ ಪ್ರತ್ಯೇಕ ಪೋರ್ಟ್) ಕನ್ಸೋಲ್ ಮೊದಲೇ ತೆರೆದಿಟ್ಟುಕೊಳ್ಳಿ. ಸಾಧ್ಯವಾದರೆ ಮುಚ್ಚಳ ತೆಗೆಯುವ ಮುಂಚೆಯೇ ಪೋರ್ಟಿನ ಹೆಸರನ್ನು ಅದರ ಮ್ಯಾಕ್ ವಿಳಾಸಕ್ಕೆ (ಪೋರ್ಟಿನ ಸ್ವಂತ ಗುರುತಿನ ಸಂಖ್ಯೆ) ಕಟ್ಟಿಬಿಡಿ.