ಎರಡು ಕಾಗದ, ಒಂದು ಸ್ಟೇಪ್ಲರ್ ಪಿನ್ನು: ನಮ್ಮ ಸದಸ್ಯರ ಓಟು ತಿರುಗಿದ್ದು ಹೀಗೆ

ಮೊನ್ನೆ ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಊಟದಲ್ಲಿ ಇಬ್ಬರು ಹುಡುಗರು ಸಿಕ್ಕಿದ್ದರು. "ಅಂಕಲ್, ಇನ್ಶೂರೆನ್ಸ್ ಸಬ್ಸಿಡಿ ವಿಚಾರಕ್ಕೆ ದಿನಾ ಕಾಂಗ್ರೆಸ್ ಸದಸ್ಯರ ಆಫೀಸಿಗೆ ಫೋನ್ ಮಾಡ್ತಿದೀವಿ, ಏನೂ ಆಗ್ತಿಲ್ಲ" ಅಂದರು. ಆಗೋದೂ ಇಲ್ಲ ಅಂದೆ. ಮುಖ ಸಣ್ಣದು ಮಾಡಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೋನ್ ಹೇಗೆ ಮಾಡಬೇಕು, ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್, ತಮ್ಮ ಕ್ಷೇತ್ರದವರೇ ಅಂತ ನೋಡೋಕೆ) ಯಾಕೆ ಕೇಳ್ತಾರೆ, ಇದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ.

2008ರ ಜೂನಿನಲ್ಲಿ ನನ್ನ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಹಳೆಯ ಇನ್ಶೂರೆನ್ಸನ್ನೇ ಪೂರ್ತಿ ದುಡ್ಡು ಕೊಟ್ಟು ಹದಿನೆಂಟು ತಿಂಗಳು ಇಟ್ಟುಕೊಳ್ಳೋದಕ್ಕೆ ಇಲ್ಲಿ ಕೋಬ್ರಾ ಅಂತಾರಲ್ಲ, ಹೆಸರು ಇಟ್ಟವನು ಪುಣ್ಯಾತ್ಮ. ತಿಂಗಳಿಗೆ ಸುಮಾರು 1,100 ಡಾಲರ್ ಕಚ್ಚುತ್ತಿತ್ತು. ಹೆಂಡತಿಗೆ ಸಕ್ಕರೆ ಕಾಯಿಲೆ. ಬೇರೆ ಯಾವ ಕಂಪನಿಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. 2009ರ ಡಿಸೆಂಬರಿಗೆ ಕೋಬ್ರಾ ಮುಗಿಯುತ್ತಿತ್ತು. ಕಾಯಿಲೆ ಇದ್ದವರನ್ನೂ ಸೇರಿಸಿಕೊಳ್ಳಲೇಬೇಕು ಅನ್ನೋ ಒಬಾಮಾ ಅವರ ಆರೋಗ್ಯ ವಿಮೆ ಮಸೂದೆ ಪಾಸಾಗಲಿ ಅಂತ ನಾನು ಓಡಾಡಿದ್ದು ದೊಡ್ಡ ಸಿದ್ಧಾಂತಕ್ಕಲ್ಲ, ಇದಕ್ಕೆ.

ಆಗ ನನ್ನ ಹತ್ತಿರ ಇದ್ದದ್ದು ಬರೀ ಗ್ರೀನ್ ಕಾರ್ಡ್. "ರೀ, ಓಟು ಹಾಕೋಕೇ ಆಗದವರು ನೀವು, ನಿಮ್ಮ ಮಾತು ಯಾರು ಕೇಳ್ತಾರೆ?" ಅಂದಳು ಇವಳು. ಮಂಡ್ಯದಿಂದ ಅಮ್ಮ ಇನ್ನೊಂದು ಕಡೆ: "ಯಾವಾಗ ಕಾಂಗ್ರೆಸ್ಸಿಗೆ ಸೇರಿದ್ಯೋ?"

ಮೊದಲ ಸೋಲು 2009ರ ಆಗಸ್ಟಿನಲ್ಲಿ. ಆ ತಿಂಗಳು ದೇಶದ ತುಂಬ, ಸದಸ್ಯರು ಜನರನ್ನು ಕರೆದು ಮಾತಾಡುವ ಟೌನ್ ಹಾಲ್ ಸಭೆಗಳಲ್ಲಿ ಗಲಾಟೆ. ನಾನು ಹೌಸ್, ಅಂದರೆ ಕೆಳಮನೆಯ, ಮಸೂದೆಯ 1233ನೇ ಸೆಕ್ಷನ್ ಓದಿಕೊಂಡು ಹೋಗಿದ್ದೆ. ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಅಂತ ರೋಗಿ ತಾನಾಗಿ ಡಾಕ್ಟರ ಹತ್ತಿರ ಮಾತಾಡಿದರೆ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್ ಆ ಡಾಕ್ಟರಿಗೆ ಫೀಸು ಕೊಡುತ್ತದೆ, ಅಷ್ಟೇ ಅದರಲ್ಲಿ ಇದ್ದದ್ದು. ಅದನ್ನೇ ವಿರೋಧಿಗಳು 'ಡೆತ್ ಪ್ಯಾನೆಲ್', ಅಂದರೆ ಯಾರು ಬದುಕಬೇಕು ಅಂತ ತೀರ್ಮಾನಿಸುವ ಸರ್ಕಾರಿ ಸಮಿತಿ, ಅಂತ ಎಬ್ಬಿಸಿದ್ದರು. ಎದ್ದು ನಿಂತು ಸೆಕ್ಷನ್ ಓದೋಕೆ ಶುರು ಮಾಡಿದೆ. ಎರಡನೇ ಸಾಲಿಗೆ ಬೊಬ್ಬೆ. ಹಿಂದಿನಿಂದ ಒಬ್ಬರು ನಿನ್ನ ದೇಶಕ್ಕೆ ಹೋಗು ಅಂದರು. ಸದಸ್ಯರು ನೆಲ ನೋಡುತ್ತಿದ್ದರು. ನವೆಂಬರ್ 7ಕ್ಕೆ ಹೌಸಿನಲ್ಲಿ 220–215ಕ್ಕೆ ಪಾಸಾಯಿತು. ಒಬಾಮಾ ಪಕ್ಷದವರೇ ಆದ 39 ಡೆಮಾಕ್ರಟಿಕರು ವಿರುದ್ಧ ಹಾಕಿದರು, ಅದರಲ್ಲಿ ನಮ್ಮವರೂ ಒಬ್ಬರು.

ಎರಡನೇ ಸೋಲಿಗೆ ದುಡ್ಡು ಹೋಯಿತು. ಸರ್ಕಾರವೇ ನಡೆಸುವ ಇನ್ಶೂರೆನ್ಸ್, ಅದೇ ಪಬ್ಲಿಕ್ ಆಪ್ಶನ್, ಹೌಸ್ ಮಸೂದೆಯಲ್ಲಿ ಇತ್ತಲ್ಲ, ಆ ಖುಷಿಗೆ ನಾವು ನಾಲ್ಕು ಜನ ಸೇರಿ 'ಪಬ್ಲಿಕ್ ಆಪ್ಶನ್ ಬೇಕು' ಅಂತ ಅಂಗಳದಲ್ಲಿ ನೆಡುವ ಇನ್ನೂರು ಬೋರ್ಡು ಮಾಡಿಸಿದೆವು. ಒಂದಕ್ಕೆ ಮೂರೂವರೆ ಡಾಲರ್ ಇರಬೇಕು, ಹತ್ತಿರ ಹತ್ತಿರ 700 ಆಯಿತು. ಸೆನೆಟ್ಟಿನಲ್ಲಿ, ಅಂದರೆ ಮೇಲ್ಮನೆಯಲ್ಲಿ, ವಿರೋಧಿಗಳ ಅಡ್ಡಿ ದಾಟೋಕೆ 60 ಓಟು ಬೇಕು, ಆ ಅರವತ್ತರಲ್ಲಿ ಒಬ್ಬರಾದ ಸೆನೆಟರ್ ಲೀಬರ್‌ಮನ್ ಒಲ್ಲೆ ಅಂದರು, ಡಿಸೆಂಬರಿನಲ್ಲಿ ಪಬ್ಲಿಕ್ ಆಪ್ಶನ್ನೇ ಹೋಯಿತು. ಬೋರ್ಡುಗಳು ಇನ್ನೂ ಡಬ್ಬದಲ್ಲಿದ್ದವು. ಅವುಗಳ ತಂತಿ ಮಾತ್ರ ಈಗಲೂ ಹಿತ್ತಲಲ್ಲಿ ಟೊಮ್ಯಾಟೊ ಗಿಡಕ್ಕೆ ಆಸರೆ. ಮಸೂದೆ ಇನ್ನೂ ನಡೀತಿರುವಾಗ ಅದರ ಒಂದು ತುಂಡಿನ ಹೆಸರು ಹಾಕಿ ಏನನ್ನೂ ಅಚ್ಚು ಹಾಕಿಸಬೇಡಿ.

ಡಿಸೆಂಬರ್ 24ಕ್ಕೆ ಸೆನೆಟ್ 60–39ರಲ್ಲಿ ಪಾಸು ಮಾಡಿತು. ಸರಿ, ದಡ ಸೇರಿದೆವು ಅಂದುಕೊಂಡರೆ ಜನವರಿ 19ಕ್ಕೆ ಮ್ಯಾಸಚೂಸೆಟ್ಸಿನಲ್ಲಿ, ಅದೂ ಡೆಮಾಕ್ರಟಿಕರ ಟೆಡ್ ಕೆನಡಿ ಇದ್ದ ಸೆನೆಟ್ ಸೀಟಿನಲ್ಲಿ, ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದುಬಿಟ್ಟರು. 60 ಹೋಗಿ 59. ಎರಡು ಮನೆಯ ಮಸೂದೆ ಬೇರೆ ಬೇರೆ, ಹೊಂದಿಸಿ ಮತ್ತೆ ಸೆನೆಟ್ಟಿಗೆ ತಂದರೆ ಪಾಸಾಗಲ್ಲ. ಉಳಿದದ್ದು ಒಂದೇ ದಾರಿ: ಸೆನೆಟ್ ಮಸೂದೆಯನ್ನು ಹೌಸ್ ಒಂದಕ್ಷರ ತಿದ್ದದೆ ಒಪ್ಪಬೇಕು, ತಿದ್ದುಪಡಿಯನ್ನು ಆಮೇಲೆ ರಿಕನ್ಸಿಲಿಯೇಷನ್ ಅನ್ನೋ ಬಜೆಟ್ ವಿಧಾನದಲ್ಲಿ ಬರೀ ಬಹುಮತದಿಂದ ಮಾಡಿಕೊಳ್ಳಬೇಕು. ಜೊತೆಗಿದ್ದ ಮೂವರಲ್ಲಿ ಇಬ್ಬರು ಕೈ ಬಿಟ್ಟರು. ಕೋಬ್ರಾ ಆಗಲೇ ಮುಗಿದಿತ್ತು. ನಾನೆಲ್ಲಿ ಬಿಡೋಕಾಗುತ್ತೆ?

ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಂಪನಿ ಪ್ರೀಮಿಯಂ 39% ತನಕ ಏರಿಸುತ್ತೆ ಅಂತ ಸುದ್ದಿ ಬಂತು. ಅವತ್ತು ಕ್ಷೌರಕ್ಕೆ ಕೂತಿದ್ದೆ. ಅಂಗಡಿಯವನು ರಿಪಬ್ಲಿಕನ್, ಒಬಾಮಾ ಹೆಸರು ಕೇಳಿದರೆ ಉರೀತಾನೆ. ಟಿವಿ ನೋಡಿ ಕತ್ತರಿ ಕೆಳಗಿಟ್ಟ, ಒಳಗೆ ಹೋಗಿ ತನ್ನ ರಿನ್ಯೂವಲ್ ಕಾಗದ ತಂದ. ಹೋದ ವರ್ಷದ್ದು, ಈ ವರ್ಷದ್ದು. "ನೋಡು" ಅಂದ. ಅರ್ಧ ಕ್ಷೌರದಲ್ಲೇ ನನಗೆ ಹೊಳೆದದ್ದು ಅದು. ಆಸ್ಪತ್ರೆ ಬಿಲ್ ತೋರಿಸೋಕೆ ಜನ ನಾಚುತ್ತಾರೆ, ಕಾಯಿಲೆ ಹೊರಗೆ ಬೀಳುತ್ತೆ. ಪ್ರೀಮಿಯಂ ಕಾಗದಕ್ಕೆ ನಾಚಿಕೆ ಇಲ್ಲ, ಬರೀ ಸಿಟ್ಟು ಇದೆ. ಅದಕ್ಕೆ ಪಾರ್ಟಿಯೂ ಇಲ್ಲ.

ಆಮೇಲಿನದು ಸುಲಭ. ಎರಡು ವರ್ಷದ ರಿನ್ಯೂವಲ್ ಕಾಗದದ ಜೆರಾಕ್ಸ್, ಒಂದರ ಮೇಲೊಂದು, ಒಂದು ಪಿನ್ನು. ಮೇಲೆ ದಪ್ಪ ಪೆನ್ನಲ್ಲಿ ಜಿಪ್ ಕೋಡ್ ಮತ್ತು ಏನು ವ್ಯಾಪಾರ ಅಂತ. ಭಾಷಣ ಇಲ್ಲ. ಮೋಟೆಲ್ ನಡೆಸುವ ಪಟೇಲರು, ಗ್ಯಾರೇಜಿನವರು, ಒಬ್ಬ ಹಾಲಿನ ರೈತ. ಪ್ರತಿ ಶುಕ್ರವಾರ ಸದಸ್ಯರ ಊರಿನ ಆಫೀಸಿಗೆ ಹೋಗಿ ಕಾಗದದ ಯಜಮಾನರ ಕೈಯಿಂದಲೇ ಕೊಡಿಸುತ್ತಿದ್ದೆ. ನಾನು ಪಕ್ಕದಲ್ಲಿ ಸುಮ್ನೆ ನಿಂತಿರುತ್ತಿದ್ದೆ. ಅಲ್ಲಿ ಮೂರು ನಾಲ್ಕು ಜನ ಇರುತ್ತಾರೆ, ಆದರೆ ವಾಷಿಂಗ್ಟನ್ನಿಗೆ ಟಿಪ್ಪಣಿ ಬರೆದು ಕಳಿಸೋದು ಒಬ್ಬರೇ. ನಮ್ಮಲ್ಲಿ ಅದು ಇಪ್ಪತ್ನಾಲ್ಕು ವರ್ಷದ ಒಂದು ಹುಡುಗಿ. ಅವರು ಯಾರು ಅಂತ ಕಂಡುಹಿಡಿಯೋಕೆ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಜೊತೆ ಹೇಳುತ್ತೇನೆ.

ಕೂಟದ ಡಾಕ್ಟರುಗಳು ನಕ್ಕರು. ಮೆಡಿಕೇರ್ ಫೀಸು ಕಡಿಮೆ ಮಾಡ್ತಾರೆ ಅನ್ನೋ ಭಯ ಅವರಿಗೆ, ತಪ್ಪೇನಿಲ್ಲ. "ಎರಡು ಜೆರಾಕ್ಸಿಗೆ ಓಟು ಬದಲಾಗುತ್ತೇನ್ರೀ?" ಅಂತ ಒಬ್ಬರು ಎಲ್ಲರ ಮುಂದೆ ಕೇಳಿದರು. ಅವರ ಹೆಸರು ಬೇಡ, ಓದುತ್ತಿದ್ದರೆ ಗೊತ್ತಾಗುತ್ತೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ವಾಯ್ಸ್ ಮೇಲ್ ಬಿಟ್ಟೆ, ಬೆಳಗ್ಗೆ ಬರೀ ಎಣಿಸಿ ಅಳಿಸುತ್ತಾರಂತೆ. ವಾಷಿಂಗ್ಟನ್ನಿಗೆ ಅಂಚೆಯಲ್ಲಿ ಕಳಿಸಿದೆ. 2001ರಲ್ಲಿ ಆಂಥ್ರಾಕ್ಸ್ ರೋಗಾಣು ಹಾಕಿದ ಕಾಗದಗಳು ಬಂದ ನಂತರ ಅಲ್ಲಿನ ಅಂಚೆಯನ್ನೆಲ್ಲ ತಪಾಸಣೆ ಮಾಡಿ ಬಿಡ್ತಾರೆ, ತಲುಪೋಕೆ ವಾರಗಟ್ಟಲೆ ಆಗುತ್ತೆ. ಇವಳು ಮಾಡಿದ ಕೋಡುಬಳೆ ಒಯ್ದೆ. ಡಬ್ಬ ಖಾಲಿಯಾಗಿ ಬಂತು, ಓಟಿಗೆ ಏನೂ ಉಪಯೋಗ ಆಗಲಿಲ್ಲ.

ಲೆಕ್ಕ ಹೇಳ್ತೇನೆ: ಒಂಬತ್ತು ತಿಂಗಳಿಗೆ ನನ್ನ ಕೈಯಿಂದ ಸುಮಾರು 1,900 ಡಾಲರ್ ಹೋಗಿದೆ. ಅದರಲ್ಲಿ ಫಲಿಸಿದ ಕೆಲಸಕ್ಕೆ ಜೆರಾಕ್ಸು, ಪೆಟ್ರೋಲು ಸೇರಿ 90 ದಾಟಿರಲಿಕ್ಕಿಲ್ಲ.

ಮಾರ್ಚಿನಲ್ಲಿ, ನವೆಂಬರಿನಲ್ಲಿ ನೋ ಅಂದಿದ್ದ ಒಹಾಯೋದ ಹೌಸ್ ಸದಸ್ಯ ಕುಸಿನಿಚ್ ಅವರನ್ನು ಒಬಾಮಾ ತಮ್ಮ ವಿಮಾನದಲ್ಲೇ ಕೂರಿಸಿಕೊಂಡು ಹೋಗಿ ಮಾತಾಡಿದರು, ಎರಡು ದಿನಕ್ಕೆ ಅವರು ಎಸ್ ಅಂದರು. ಒಬಾಮಾ ಹತ್ತಿರ ವಿಮಾನ ಇತ್ತು, ನನ್ನ ಹತ್ತಿರ ಸ್ಟೇಪ್ಲರ್. ಅದೇ ವಾರ ನಮ್ಮವರೂ ಒಪ್ಪಿಕೊಂಡರು. ಪತ್ರಕರ್ತರ ಮುಂದೆ ಮೊದಲು ಎತ್ತಿದ್ದೇ ಒಬ್ಬ ಕ್ಷೌರಿಕನ ಪ್ರೀಮಿಯಂ. ಮಾರ್ಚ್ 21, ಭಾನುವಾರ ರಾತ್ರಿ, ಹೌಸ್ 219–212ಕ್ಕೆ ಪಾಸು ಮಾಡಿತು. ನವೆಂಬರಿನಲ್ಲಿ ನೋ ಅಂದು ಆವತ್ತು ಎಸ್ ಅಂದವರು ಎಂಟು ಜನ. ಎಂಟೂ ಓಟು ನನ್ನಿಂದ ಅಂತ ಹೇಳಲ್ಲ. ಆದರೆ ನಮ್ಮವರ ಆ ಒಂದು ಓಟನ್ನು ಬಿಟ್ಟುಕೊಡೋದೂ ಇಲ್ಲ.

ಆ ಎಂಟರಲ್ಲಿ ಐವರು 2010ರ ನವೆಂಬರಿನಲ್ಲಿ ಸೋತರು. ನಮ್ಮವರೂ. ಆಫೀಸು ಖಾಲಿ ಮಾಡುವಾಗ ಆ ಹುಡುಗಿ ಫೋನ್ ಮಾಡಿದಳು, ನಿಮ್ಮ ಫೈಲು ಎಸೀಬೇಕಾ, ಬೇಕಾ ಅಂತ. ಹಿಮದಲ್ಲಿ ಹೋಗಿ ತಂದೆ. ಅಲ್ಲಿವರೆಗೆ ಎಲ್ಲರ ಹತ್ತಿರ ಎಂಬತ್ತು ಜನರ ಕಾಗದ ಕೊಡಿಸಿದೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಮನೆಗೆ ಬಂದು ಎಣಿಸಿದರೆ 57 ಇತ್ತು.